ಮಣಿ ಕುಲಾವಿಯ ಅಳತೆ

"ಗುರುಗಳೇ, ತಲೆಯ ಮೇಲೆ ಏನಿದೆ ಎಂದು ನೋಡಿ ಮನುಷ್ಯನಿಗೆ ಜಾಗ ಕೊಡುವುದು ತಪ್ಪೇ?"

ಶಿಷ್ಯ ಹೀಗೆ ಕೇಳುವುದಕ್ಕೆ ಕಾರಣವಿತ್ತು. ಆವತ್ತು ಬೆಳಿಗ್ಗೆ ಮಠಕ್ಕೆ ಬಂದವರನ್ನು ಕೂರಿಸುವ ಕೆಲಸ ಅವನದಾಗಿತ್ತು. ಜರಿ ರುಮಾಲು ಸುತ್ತಿಕೊಂಡು ಬಂದವರಿಗೆ ಅವನು ಮುಂದೆ ಚಾಪೆ ಹಾಸಿದ್ದ. ಹಳೆಯ ಟವಲು ಸುತ್ತಿಕೊಂಡು ಬಂದವರನ್ನು ಕಂಬದ ಹಿಂದೆ ಕೂರಿಸಿದ್ದ. ಗುರುಗಳು ಅದನ್ನು ನೋಡಿದ್ದರು, ಏನೂ ಅಂದಿರಲಿಲ್ಲ. ಬೈದಿದ್ದರೆ ಅವನು ಮರೆತುಬಿಡುತ್ತಿದ್ದ. ಏನೂ ಅನ್ನದೆ ಇದ್ದದ್ದು ಮಧ್ಯಾಹ್ನದವರೆಗೂ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು.

ಗುರುಗಳು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅರ್ಧ ಕಾಯಿಯನ್ನು ಅವನ ಮುಂದೆ ಸರಿಸಿ, ಸುಲಿ ಎಂದರು. ಇಬ್ಬರೂ ಸುಲಿಯತೊಡಗಿದರು. ಸುಲಿಯುತ್ತಲೇ ಗುರುಗಳು ಈ ಕತೆ ಹೇಳಿದರು.

ಕಡಲಾಚೆ ಆಫ್ರಿಕಾ ಅನ್ನುವ ದೊಡ್ಡ ನೆಲವಿದೆಯಲ್ಲ, ಅಲ್ಲಿ ಗುಡ್ಡಗಳ ನಡುವೆ ಒಂದು ರಾಜ್ಯವಿತ್ತು. ನೀನು ಯಾರು, ಎಷ್ಟರವನು ಎಂದು ಬಾಯಿಬಿಟ್ಟು ಕೇಳುವ ಪದ್ಧತಿ ಆ ನಾಡಿನಲ್ಲಿ ಇರಲಿಲ್ಲ. ತಲೆ ನೋಡಿದರೆ ಸಾಕಾಗಿತ್ತು. ನಮ್ಮಲ್ಲಿ ಕುಲಾವಿ ಎಂದರೆ ಕೂಸಿಗೆ. ಅವರಲ್ಲಿ ಅದು ಹಿರಿಯರಿಗೆ. ಬರಿದಲೆಯವರು ಸಭೆಯ ಅಂಚಿನಲ್ಲಿ ನೆಲದ ಮೇಲೆ ಕೂರಬೇಕು, ಕೇಳಿಸಿಕೊಳ್ಳಬೇಕು, ಮಾತಾಡಬಾರದು. ನಾರಿನಲ್ಲಿ ಹೆಣೆದ ಗಿಡ್ಡ ಕುಲಾವಿ ಇದ್ದವನಿಗೆ ಒಂದು ಮಣೆ ಸಿಗುತ್ತಿತ್ತು, ಕೇಳಿದಾಗ ಒಂದು ಮಾತು ಆಡಬಹುದಾಗಿತ್ತು. ಇವೆಲ್ಲಕ್ಕಿಂತ ಮೇಲಿನದು ಮಣಿ ಕುಲಾವಿ. ಒಂದು ಮೊಳ ಎತ್ತರ, ಮೈತುಂಬ ನೀಲಿ ಬಿಳಿ ಮಣಿ, ಅಂಚಿಗೆ ಕವಡೆ, ನೆತ್ತಿಯಲ್ಲಿ ಒಂದೇ ಒಂದು ಕೆಂಪು ಗರಿ. ಅದನ್ನು ಇಟ್ಟುಕೊಂಡವನು ರಾಜನ ಪಕ್ಕದಲ್ಲಿ ಕೂರುತ್ತಿದ್ದ. ಅವನು ಕೆಮ್ಮಿದರೂ ಜನ ಅದಕ್ಕೊಂದು ಅರ್ಥ ಹುಡುಕುತ್ತಿದ್ದರು.

ಉಪ್ಪು ಹೊರುವ ಹೆಂಗಸರ ತಲೆಯ ಮೇಲೂ ಒಂದು ವಸ್ತು ಇರುತ್ತಿತ್ತು. ಬಾಳೆನಾರನ್ನು ಸುತ್ತಿ ಮಾಡಿದ ಸಿಂಬೆ. ನಮ್ಮ ಹೆಂಗಸರು ಕೊಡದ ಕೆಳಗೆ ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದೇ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆ ನಾಡಿನಲ್ಲಿ ಇನ್ನೊಂದು ಪದ್ಧತಿ. ಗಂಡುಮಗು ಹುಟ್ಟಿದ ಏಳನೆಯ ದಿನ ತಾಯಿ ಒಂದು ದಾರವನ್ನು ಅದರ ತಲೆಯ ಸುತ್ತ ಹಿಡಿದು, ತುದಿ ಸೇರುವಲ್ಲಿ ಗಂಟು ಹಾಕುತ್ತಿದ್ದಳು. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಮಗುವಿನ ತಲೆ ಬೋಳಿಸಿ, ಅದೇ ದಾರದಲ್ಲಿ ಮತ್ತೆ ಅಳೆದು, ಇನ್ನೊಂದು ಗಂಟು. ಮಗ ಎತ್ತರಕ್ಕೆ ಬೆಳೆದು, ತಲೆ ಬೆಳೆಯುವುದು ನಿಂತ ಮೇಲೆ ಗಂಟಿನ ಮೇಲೆಯೇ ಗಂಟು ಬೀಳುತ್ತಿತ್ತು. ಆ ದಾರ ಕೊನೆಯವರೆಗೂ ತಾಯಿಯ ಹತ್ತಿರವೇ. ಮಗನಿಗೆ ಮಣಿ ಕುಲಾವಿಯ ಯೋಗ ಬಂದರೆ, ಅವಳು ಅದನ್ನು ಹಗಲಿನಲ್ಲಿ, ನಾಲ್ಕು ಜನ ನೋಡುವಂತೆ, ತನ್ನ ಕೈಯಾರೆ ಕುಲಾವಿ ಹೆಣೆಯುವವನಿಗೆ ಒಪ್ಪಿಸಬೇಕು. ತಾಯಿ ತೀರಿಹೋಗಿದ್ದರೆ ಹೆಣ್ಣು ಕೊಟ್ಟ ಅತ್ತೆ ಹೊಸದಾಗಿ ಅಳೆದು ದಾರ ಕೊಡಬಹುದು.

ಕುಲಾವಿಯನ್ನು ಮೊದಲೇ ತಲೆಗಿಟ್ಟು ನೋಡುವಂತಿಲ್ಲ. ಸಭೆಯ ದಿನ ತಲೆ ಬೋಳಿಸಿಕೊಂಡು ಬರಬೇಕು. ರಾಜ ತನ್ನ ಕೈಯಿಂದ ಅದನ್ನು ತಲೆಗಿಡುತ್ತಾನೆ. ಆಗ ಕೆಂಪು ಗರಿ ನೆಲ ಮುಟ್ಟುವಷ್ಟು ಬಾಗಬೇಕು. ಬಾಗುವಾಗ ಕುಲಾವಿ ಬಿದ್ದರೆ, ತೀರಿಹೋದ ಹಿರಿಯರು ಒಪ್ಪಲಿಲ್ಲ ಎಂದು ಅರ್ಥ. ಅಂಥವನು ಉಸಿರಿರುವವರೆಗೂ ಬರಿದಲೆಯಲ್ಲೇ ಇರಬೇಕು. ಇದ್ದ ಗಿಡ್ಡ ಕುಲಾವಿಯೂ ಹೋಗುತ್ತಿತ್ತು, ಮಣೆಯೂ ಹೋಗುತ್ತಿತ್ತು, ಮಾತೂ ಹೋಗುತ್ತಿತ್ತು.

ಅಲ್ಲಿನ ರಾಜಧಾನಿಯಲ್ಲಿ ಒಬ್ಬ ವ್ಯಾಪಾರಿಯಿದ್ದ.

ಅವನು ಹುಟ್ಟಿದ್ದು ಗುಡ್ಡದಾಚೆ, ಉಪ್ಪುನೀರಿನ ಬುಗ್ಗೆಯ ಪಕ್ಕದ ಹಳ್ಳಿಯಲ್ಲಿ. ತಂದೆಯ ಮುಖ ಕಂಡವನಲ್ಲ. ತಾಯಿ ಉಪ್ಪು ಹೊರುವವಳು. ಬುಗ್ಗೆಯ ನೀರು ಕಾಯಿಸಿ ತೆಗೆದ ಉಪ್ಪನ್ನು ಎಲೆಯಲ್ಲಿ ಕಟ್ಟಿ, ತಲೆಯ ಮೇಲೆ ಹೊತ್ತು, ಗುಡ್ಡ ಹತ್ತಿ ಇಳಿದು ಸಂತೆಗೆ ತರುತ್ತಿದ್ದಳು. ಚಿಕ್ಕಂದಿನಲ್ಲಿ ಅವನೂ ಅವಳ ಬೆನ್ನಿಗೆ ಕಟ್ಟಿಸಿಕೊಂಡು ಬರುತ್ತಿದ್ದ. ದಾರಿಯಲ್ಲಿ ಹೊರೆ ಇಳಿಸಿದಾಗ ಅವಳು ಅವನನ್ನು ಮಲಗಿಸಿ, ಸಿಂಬೆಯನ್ನು ಅವನ ತಲೆಯಡಿ ಇಡುತ್ತಿದ್ದಳು. ಅವನು ಬೇರೆ ದಿಂಬು ಕಂಡದ್ದು ಮದುವೆಯಾದ ಮೇಲೆ. ಅವಳ ನೆತ್ತಿಯಲ್ಲಿ ಅಂಗೈಯಗಲ ಕೂದಲು ಹೋಗಿ ಚರ್ಮ ತೆಳ್ಳಗಾಗಿತ್ತು. ಸಿಂಬೆ ಸ್ವಲ್ಪ ಜಾರಿದರೂ ಬೆವರಿನಲ್ಲಿ ಕರಗಿದ ಉಪ್ಪು ಅಲ್ಲಿಗಿಳಿದು, ಕೆಂಡ ಇಟ್ಟಂತೆ ಉರಿಯುತ್ತಿತ್ತು. ಆಗ ಅವಳು ಹೊರೆ ಇಳಿಸದೆ ನಿಂತಲ್ಲೇ ನಿಂತು ಕಣ್ಣು ಮುಚ್ಚಿಕೊಳ್ಳುವುದನ್ನು ಅವನು ಪಕ್ಕದಲ್ಲಿ ನಡೆಯುವಷ್ಟಾದ ಮೇಲೆ ನೋಡಿದ್ದ.

ದೊಡ್ಡವನಾದ ಮೇಲೆ ಅವನು ದೂರದ ವ್ಯಾಪಾರಿಗಳ ಜೊತೆ ಹೋದ. ಕೈ ತುಂಬಿಕೊಂಡು ಬಂದ. ರಾಜಧಾನಿಯಲ್ಲಿ ಮನೆ ಮಾಡಿದ, ಗಿಡ್ಡ ಕುಲಾವಿಯೂ ಸಿಕ್ಕಿತು. ತಲೆತಲಾಂತರದಿಂದ ಕುಲಾವಿ ಇಟ್ಟುಕೊಂಡು ಬಂದ ಮನೆತನದವರೊಬ್ಬರು ಹೆಣ್ಣು ಕೊಡುವ ಮಾತು ತೆಗೆದರು. ಆ ಹೊತ್ತಿನಲ್ಲಿ ಹುಡುಗಿಯ ತಂದೆ, ನಿಮ್ಮ ತಾಯಿ ಯಾವ ಮನೆಯವರು ಎಂದು ಕೇಳಿದ. ತಾಯಿ ತೀರಿಕೊಂಡರು ಎಂದುಬಿಟ್ಟ ಇವನು. ಹೇಳಬೇಕು ಎಂದು ಹೇಳಿದ್ದಲ್ಲ, ಬಾಯಿಂದ ಬಂತು. ಆದರೆ ಬಂದದ್ದನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸಂತೆಯಲ್ಲಿ ಯಾವ ಮಾತು ನಿಲ್ಲುತ್ತದೆ? ಮುಂದಿನ ವಾರವೇ ತಾಯಿಯ ಕಿವಿಗೂ ಬಿತ್ತು. ಅವಳು ಮಗನ ಮನೆಯ ಬಾಗಿಲಿಗೆ ಹೋಗಲಿಲ್ಲ. ಸಂತೆಯ ಗೋಡೆಯ ಬುಡದಲ್ಲಿ ತನ್ನ ಜಾಗದಲ್ಲೇ ಕೂತಳು. ಸ್ವಲ್ಪ ಹೊತ್ತಿಗೆ ವ್ಯಾಪಾರಿಯ ಆಳು ಬಂದು, ಚೌಕಾಸಿ ಮಾಡದೆ ಉಪ್ಪನ್ನೆಲ್ಲ ಕೊಂಡ. ಅವಳು ಒಂದು ಬೆಳ್ಳನೆಯ ಹರಳನ್ನು ಎಳೆಯ ಎಲೆಯಲ್ಲಿ ಬೇರೆಯಾಗಿ ಕಟ್ಟಿ ಮೇಲಿಟ್ಟಳು. ಅದು ವ್ಯಾಪಾರಿಯ ಅಡುಗೆಮನೆ ಸೇರಿತು. ಅಲ್ಲಿಂದ ಹನ್ನೆರಡು ವರ್ಷ ಪ್ರತಿ ಸಂತೆಯಲ್ಲೂ ಹೀಗೇ ನಡೆಯಿತು. ತಾಯಿ ಮಗನ ನಡುವೆ ಇದ್ದ ಮಾತುಕತೆ ಅಷ್ಟೇ.

ಗುಡ್ಡದ ಬುಡದಲ್ಲಿ ಒಂದು ಹೊಳೆಯಿತ್ತು. ಮಳೆಗಾಲದಲ್ಲಿ ಅದನ್ನು ದಾಟುವಾಗ ಉಪ್ಪು ಹೊರುವವರಲ್ಲಿ ವರ್ಷಕ್ಕೆ ಒಬ್ಬರೋ ಇಬ್ಬರೋ ಹೊರೆಯ ಸಮೇತ ಕೊಚ್ಚಿಹೋಗುತ್ತಿದ್ದರು. ವ್ಯಾಪಾರಿ ತನ್ನ ಖರ್ಚಿನಲ್ಲಿ ಅಲ್ಲಿ ಬಳ್ಳಿಯ ಸೇತುವೆ ಹೆಣೆಸಿದ. ಉಳಿದ ವ್ಯಾಪಾರಿಗಳಿಗೆ ಅರ್ಥವಾಗಲಿಲ್ಲ. ಅವರ ಸರಕು ಬರುವ ದಾರಿ ಕೆಳಗಡೆ ಇತ್ತು, ಅಲ್ಲಿ ನೀರು ಮೊಣಕಾಲಿನಷ್ಟು ಮಾತ್ರ. ಊಟಕ್ಕೆ ಕೂತಾಗ ಮಾವ ಚುಚ್ಚಿದ. ಅಳಿಯಂದಿರು ಸೇತುವೆ ಕಟ್ಟಿಸಿದ್ದು ಮಂಗಗಳು ಆಡಿಕೊಳ್ಳಲಿ ಎಂದೇನೋ ಅಂದ. ವ್ಯಾಪಾರಿ ನಕ್ಕು, ತಟ್ಟೆ ನೋಡಿಕೊಂಡ.

ರಾಜನಿಗೆ ಸುದ್ದಿ ಹೋಯಿತು. ತಾನು ನಡೆಯದ ದಾರಿಗೆ ಸೇತುವೆ ಕಟ್ಟಿದವನು ಸಾಮಾನ್ಯನಲ್ಲ ಎಂದ ರಾಜ. ಮುಂದಿನ ದೊಡ್ಡ ಸಭೆಯಲ್ಲಿ ಅವನಿಗೆ ಮಣಿ ಕುಲಾವಿ ಎಂದು ಡಂಗುರ ಸಾರಿಸಿದ.

ಮನೆಯಲ್ಲಿ ಸಂಭ್ರಮ. ಅತ್ತೆ ದಾರ ಹಿಡಿದುಕೊಂಡು ಬಂದಳು. ವ್ಯಾಪಾರಿಗೆ ದಟ್ಟವಾದ ಕೂದಲು. ಅದಕ್ಕೆ ದಿನವೂ ಎಣ್ಣೆ ಹಾಕಿ, ಮೇಲಕ್ಕೆತ್ತಿ ಬಾಚಿ, ಕನ್ನಡಿಯಲ್ಲಿ ಎರಡು ಸಲ ನೋಡಿಕೊಳ್ಳುವವನು ಅವನು. ಬೋಳಿಸಿ ಅಳೆಯಬೇಕಂತೆ ಎಂದಳು ಅತ್ತೆ. ಸಭೆಯ ದಿನ ಹೇಗೂ ಬೋಳಿಸುತ್ತಾರೆ, ಈಗಿನಿಂದಲೇ ಒಂದು ತಿಂಗಳು ಬೋಳುತಲೆಯಲ್ಲಿ ಯಾಕೆ ತಿರುಗಲಿ ಎಂದ ಅಳಿಯ. ಅತ್ತೆಗೂ ಇದು ಹೊಸದು. ಅವಳು ಗಂಡುಮಗನನ್ನು ಹೆತ್ತು ವರ್ಷವರ್ಷ ಅಳೆದವಳಲ್ಲ. ಕೂದಲಿನ ಮೇಲೆಯೇ ದಾರ ಸುತ್ತಿ ಗಂಟು ಹಾಕಿದಳು. ಮರುದಿನ ನಾಲ್ಕು ಜನರ ಮುಂದೆ ಅದನ್ನು ಕುಲಾವಿ ಹೆಣೆಯುವ ಮುದುಕನಿಗೆ ಒಪ್ಪಿಸಿದಳು. ನಮ್ಮ ಅಳಿಯಂದಿರ ತಲೆ ದೊಡ್ಡದು, ಬುದ್ಧಿ ಅಷ್ಟಿದೆ ಎಂದಳಂತೆ. ನಾನು ಬುದ್ಧಿಗೆ ಹೆಣೆಯುವವನಲ್ಲ ತಾಯಿ, ಬುರುಡೆಗೆ ಹೆಣೆಯುವವನು ಎಂದು ಮುದುಕ ದಾರ ಇಸಿದುಕೊಂಡ.

ಸಭೆ ಸೇರುವ ದಿನವೇ ಸಂತೆಯೂ ಇತ್ತು.

ಉಪ್ಪು ಹೊರುವ ಮುದುಕಿ ಆವತ್ತೂ ಸೇತುವೆ ದಾಟಿ ಬಂದಳು. ಗೋಡೆಯ ಬುಡದಲ್ಲಿ ಹೊರೆ ಇಳಿಸಿದಳು. ಕೊಳ್ಳುವವರು ಯಾರೂ ಬರಲಿಲ್ಲ, ವ್ಯಾಪಾರಿಯ ಆಳುಗಳೆಲ್ಲ ಸಭೆಯ ಓಡಾಟದಲ್ಲಿದ್ದರು. ಅವಳ ಸೊಂಟದಲ್ಲಿ ಒಂದು ದಾರವಿತ್ತು. ಯಾರಿಗೂ ಕಾಣದಂತೆ ಹೋಗಿ, ಅಳತೆ ಸರಿಯಾಗಿದೆಯೋ ಇಲ್ಲವೋ ನೋಡಿಕೊಂಡು ಬರೋಣ ಎಂದುಕೊಂಡಳು. ಅಷ್ಟಕ್ಕೇ ತಂದಿದ್ದಳು. ಸಿಂಬೆಯನ್ನು ತಲೆಯಿಂದ ತೆಗೆಯದೆ ಹಾಗೇ ಕುಲಾವಿ ಹೆಣೆಯುವವನ ಚಪ್ಪರಕ್ಕೆ ಹೋದಳು.

ಮುದುಕ ಕೊನೆಯ ಕವಡೆ ಹೊಲಿಯುತ್ತಿದ್ದ. ವ್ಯಾಪಾರಿಯ ಅಳತೆ ಬಂದಿತೇ ಎಂದು ಅವಳು ಕೇಳಿದಳು.

ಅವನು ತಲೆ ಎತ್ತದೆ, "ಅಳತೆ ಬಂತು, ಕುಲಾವಿಯೂ ಆಯಿತು. ತಾಯಿ ಸತ್ತಿದ್ದಾಳಂತೆ, ಅತ್ತೆ ತಂದುಕೊಟ್ಟಳು. ನೀನು ಯಾರ ಕಡೆಯವಳು ತಂಗಿ?" ಎಂದ.

"ಸತ್ತವಳ ಕಡೆಯವಳು," ಎಂದಳು ಮುದುಕಿ.

ಅವಳು ಕೂತು, ಸೊಂಟದ ದಾರ ಬಿಚ್ಚಿ, ಅತ್ತೆ ಕೊಟ್ಟ ದಾರದ ಪಕ್ಕದಲ್ಲಿ ನೆಲದ ಮೇಲೆ ಉದ್ದಕ್ಕೆ ಇಟ್ಟಳು. ಅತ್ತೆಯದು ಎರಡು ಬೆರಳಿನಷ್ಟು ಉದ್ದವಾಗಿತ್ತು. ಮುದುಕನ ಸೂಜಿ ನಿಂತಿತು. ಅವನು ಅವಳ ದಾರವನ್ನು ಕೈಗೆತ್ತಿಕೊಂಡ. ಬೆವರಿಗೂ ಉಪ್ಪಿಗೂ ಕಪ್ಪಾದ ದಾರ, ಗಂಟಿನ ಮೇಲೆ ಗಂಟು. ಐವತ್ತು ವರ್ಷ ಇಂಥ ದಾರಗಳನ್ನೇ ಹಿಡಿದ ಕೈ ಅವನದು. ಯಾರ ಕಡೆಯವಳು ಎಂದು ಅವನು ಮತ್ತೆ ಕೇಳಲಿಲ್ಲ.

ಅತ್ತೆಯ ದಾರ ಕೂದಲಿನ ಅಳತೆ ಎಂದು ಇಬ್ಬರಿಗೂ ಗೊತ್ತಾಯಿತು. ಬೋಳುತಲೆಗೆ ಇಟ್ಟರೆ ಕುಲಾವಿ ಹುಬ್ಬಿಗಿಳಿಯುತ್ತದೆ, ಬಾಗಿದರೆ ಬೀಳುತ್ತದೆ. ಬಿಚ್ಚಿ ಹೆಣೆಯುವ ಹಾಗಿಲ್ಲ, ಮಣಿಯೆಲ್ಲ ಒಂದೇ ಎಳೆಯಲ್ಲಿ ಓಡಿದೆ. ಕ್ಷೌರದವನು ಆಗಲೇ ಸಭೆಯ ಪಕ್ಕದ ಮರದಡಿಗೆ ಹೋಗಿದ್ದಾನೆ. ಒಳಗೆ ಬಟ್ಟೆ ತುರುಕಿದರೆ ಜಾರುತ್ತದೆ. ಹತ್ತಿ ಕುಸಿಯುತ್ತದೆ. ತಲೆಗೆ ಒಗ್ಗಿ ಗಟ್ಟಿಯಾದ, ಹೊರೆ ಕೂತರೂ ಅಲುಗದ ಒಂದು ಬಳೆ ಬೇಕು. ಮುದುಕ ಇದನ್ನೆಲ್ಲ ತನಗೆ ತಾನೇ ಹೇಳಿಕೊಂಡು ಚಪ್ಪರದ ಸುತ್ತ ಹುಡುಕಿದ. ತಿರುಗಿ ನೋಡಿದಾಗ ಮುದುಕಿಯ ಕೈ ಅವಳ ತಲೆಯ ಮೇಲೆ ಹೋಗಿತ್ತು.

ಮುದುಕನಿಗೆ ಸಿಟ್ಟು ಬಂತು. ಅವನ ಸಿಟ್ಟೂ ನಿಧಾನದ್ದೇ.

"ಹನ್ನೆರಡು ವರ್ಷ ನಿನ್ನನ್ನು ಸತ್ತವಳು ಮಾಡಿ ಇಟ್ಟಿದ್ದಾನೆ. ಬಿದ್ದರೆ ಬೀಳಲಿ, ನಿನಗೇನು?"

"ನಾನು ಅಳೆದ ತಲೆ ಅಣ್ಣಾ," ಎಂದು ಅವಳು ಸಿಂಬೆ ತೆಗೆದುಕೊಟ್ಟಳು.

ಮುದುಕ ಸಿಂಬೆಯ ಒಂದು ಸುತ್ತು ಸಡಿಲಿಸಿ, ಅಗಲ ಮಾಡಿ, ಕುಲಾವಿಯ ಒಳ ಅಂಚಿಗೆ ಕೂರಿಸಿ ಹೊಲಿದ. ಅವಳು ಎರಡು ಕೈಯಲ್ಲಿ ಕುಲಾವಿಯನ್ನು ಹಿಡಿದುಕೊಂಡಿದ್ದಳು. ಮಣಿಗಳನ್ನು ಹತ್ತಿರದಿಂದ ಅವಳು ನೋಡಿದ್ದು ಅದೇ ಮೊದಲು. ಹೊಲಿದು ಮುಗಿದ ಮೇಲೆ ಅವನು ಒಳಗೆ ಕೆಂಪು ಬಟ್ಟೆ ಮುಚ್ಚಿದ. ಕುಲಾವಿಯ ಒಳಗೆ ಇಣುಕುವ ಪದ್ಧತಿ ಅಲ್ಲಿ ಯಾರಿಗೂ ಇರಲಿಲ್ಲ. ಅವಳು ಎದ್ದು, ದಾರವನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಂಡು ಹೋದಳು.

ಅತ್ತ ಮರದಡಿಯಲ್ಲಿ ವ್ಯಾಪಾರಿಯ ಕ್ಷೌರ ಮುಗಿಯಿತು. ಅವನು ಅಭ್ಯಾಸದಂತೆ ತಲೆಯ ಮೇಲೆ ಕೈಯಾಡಿಸಿದ. ಕೈ ನಿಂತಿತು. ಮುಂದೆ ಕೂದಲಿನ ಗುಡ್ಡೆ ಬಿದ್ದಿತ್ತು. ಅತ್ತೆ ಅಳೆದದ್ದರಲ್ಲಿ ಎಷ್ಟು ಪಾಲು ನೆಲದ ಮೇಲಿದೆ ಎಂದು ಅವನಿಗೆ ಆಗ ಹೊಳೆಯಿತು. ಅತ್ತೆಯ ಕಡೆ ನೋಡಿದ. ಅವಳೂ ಆ ಗುಡ್ಡೆಯನ್ನೇ ನೋಡುತ್ತಿದ್ದಳು. ಅಳಿಯನ ಕಣ್ಣು ತನ್ನ ಮೇಲೆ ಬಿದ್ದದ್ದೇ ಸೆರಗು ಸರಿಮಾಡಿಕೊಂಡು ಬೇರೆ ಕಡೆ ತಿರುಗಿದಳು.

ಈಗ ಏನೂ ಮಾಡುವ ಹಾಗಿರಲಿಲ್ಲ. ನಗಾರಿ ಬಾರಿಸುತ್ತಿದ್ದರು. ಮಾವ ಮುಂದಿನ ಸಾಲಿನಲ್ಲಿದ್ದ. ಊರಿಗೆ ಊರೇ ಸೇರಿತ್ತು. ಅವನು ನಡೆದು ಹೋಗಿ ರಾಜನ ಮುಂದೆ ಮಂಡಿಯೂರಿದ. ಮುದುಕ ಬುಟ್ಟಿಯಿಂದ ಕುಲಾವಿ ಎತ್ತಿಕೊಟ್ಟ. ರಾಜ ಅದನ್ನು ಅವನ ತಲೆಗಿಟ್ಟ.

ಕುಲಾವಿ ಕೂತಿತು. ಗಟ್ಟಿಯಾಗಿ ಕೂತಿತು.

ವ್ಯಾಪಾರಿಗೆ ನಂಬಿಕೆಯಾಗಲಿಲ್ಲ. ಉಸಿರು ಹಿಡಿದು, ಸ್ವಲ್ಪಸ್ವಲ್ಪವೇ ಬಾಗಿದ. ಗರಿ ನೆಲ ಮುಟ್ಟಿತು. ಕುಲಾವಿ ಅಲುಗಲಿಲ್ಲ. ಜನ ಉಘೇ ಅಂದರು. ಅವನು ಎದ್ದೇಳಬೇಕಾಗಿತ್ತು. ಏಳಲಿಲ್ಲ, ಬಾಗಿದಲ್ಲೇ ಇದ್ದ. ಬಲಗಿವಿಯ ಹಿಂದೆ ಏನೋ ಒತ್ತುತ್ತಿತ್ತು. ನಾರಿನ ತುದಿಯನ್ನು ಒಳಗೆ ಸಿಕ್ಕಿಸಿದ ಜಾಗದಲ್ಲಿ ಒಂದು ಉಬ್ಬು. ಮಗುವಾಗಿದ್ದಾಗ ಅದೇ ಉಬ್ಬು ಅದೇ ಕಿವಿಯ ಹಿಂದೆ ಒತ್ತಿ, ನಿದ್ದೆಯಿಂದ ಎದ್ದಾಗ ಗುಳಿ ಬಿದ್ದಿರುತ್ತಿತ್ತು. ತಾಯಿ ಅದನ್ನು ಹೆಬ್ಬೆರಳಿನಿಂದ ತಿಕ್ಕಿ ಸರಿಮಾಡುತ್ತಿದ್ದಳು. ಹಳೆಯ ಬಾಳೆನಾರಿನ ವಾಸನೆ ಬಂತು, ಉಪ್ಪಿನ ವಾಸನೆ ಬಂತು. ಬಾಯಿ ಮರೆತಿದ್ದನ್ನು ತಲೆ ಮರೆತಿರಲಿಲ್ಲ.

ಅವನು ಎದ್ದು ನಿಂತ. ಆಗ ಕೇಳಬೇಕಾದ ಪ್ರಶ್ನೆಯನ್ನು ರಾಜ ಕೇಳಿದ. ಹೊಸ ಕುಲಾವಿಯವರನ್ನೆಲ್ಲ ಕೇಳುವ ಪ್ರಶ್ನೆ ಅದು. ಈ ತಲೆಯನ್ನು ಅಳೆದವರು ಯಾರು?

ಉತ್ತರ ಮೊದಲೇ ಸಿದ್ಧವಾಗಿತ್ತು. ಅತ್ತೆಯ ಹೆಸರು ಹೇಳಬೇಕು. ಅದರ ಹಿಂದೆಯೇ ತೀರಿಹೋದ ತಾಯಿಯದೆಂದು ಒಂದು ದೊಡ್ಡ ಮನೆತನದ ಹೆಸರು ಹೇಳಬೇಕು. ಮಾವ ಒಂದು ವಾರದಿಂದ ಬಾಯಿಪಾಠ ಮಾಡಿಸಿದ್ದ. ವ್ಯಾಪಾರಿ ಸುಮ್ಮನೆ ನಿಂತದ್ದನ್ನು ನೋಡಿ ಮಾವ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ.

"ಮಾಂಕಾ," ಎಂದ ವ್ಯಾಪಾರಿ. "ಉಪ್ಪು ಹೊರುವವಳು. ನನ್ನ ತಾಯಿ. ಬದುಕಿದ್ದಾಳೆ."

ಮಾವ ನೆಲ ನೋಡಿದ. ಕುಲಾವಿ ಹೆಣೆಯುವ ಮುದುಕ ಮಾತ್ರ ಕೈಯ ಹಿಂಭಾಗದಿಂದ ಮೂಗು ಉಜ್ಜಿಕೊಂಡ. ವ್ಯಾಪಾರಿ ರಾಜನಿಗೆ ಬೆನ್ನು ತೋರಿಸಬಾರದು ಎನ್ನುವುದನ್ನೂ ಮರೆತು, ತಿರುಗಿ ಸಂತೆಯ ಗೋಡೆಯ ಕಡೆ ನೋಡಿದ. ಅವಳು ಕೂರುವ ಜಾಗ ಖಾಲಿಯಾಗಿತ್ತು. ಉಪ್ಪಿನ ಹೊರೆಯೂ ಇರಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಅವರೆಕಾಯಿ ಮುಗಿದಿತ್ತು. ಅವರು ಸಿಪ್ಪೆಯನ್ನು ಒಂದು ಕಡೆ ಒಟ್ಟುಮಾಡಿ, ಕಾಳನ್ನು ಮೊರಕ್ಕೆ ಹಾಕಿದರು. ಶಿಷ್ಯ ಮುಂದಿನ ಮಾತಿಗಾಗಿ ಕಾದ. ಕೊನೆಗೆ ತಡೆಯಲಾರದೆ ಅವನೇ ಕೇಳಿದ.

"ಅಷ್ಟು ಜನರ ಮುಂದೆ ಸುಳ್ಳು ಬಯಲಾಯಿತಲ್ಲ ಗುರುಗಳೇ, ಆಮೇಲೆ ಕುಲಾವಿ ಅವನ ತಲೆಯ ಮೇಲೆ ಉಳಿಯಿತೇ?"

ಗುರುಗಳು ಮೊರ ಕೈಗೆತ್ತಿಕೊಂಡು ಎದ್ದರು.

"ಕುಲಾವಿ ಉಳಿಯಿತೇ ಎಂದು ಕೇಳಿದೆ ಮಗು, ಸಿಂಬೆಯಿಲ್ಲದೆ ಆ ಹೊರೆ ಗುಡ್ಡ ಹತ್ತಿದ್ದು ಹೇಗೆ ಎಂದು ಕೇಳಲಿಲ್ಲ."